ವಲಸೆ ಕಾನೂನು, ಲ್ಯಾಟಿನೋ ಮತ: ಎರಡೂ ಪಕ್ಷಗಳ ಲೆಕ್ಕ ತಪ್ಪಿದ್ದೆಲ್ಲಿ?

ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ ಸ್ಟಾರ್ ಕೌಂಟಿ ಅಂತ ಒಂದು ಸಣ್ಣ ಜಿಲ್ಲೆ ಇದೆ. ರಿಯೊ ಗ್ರಾಂಡೆ ನದಿಯ ಈ ದಡ ಅಮೆರಿಕ, ಆ ದಡ ಮೆಕ್ಸಿಕೊ. ಇಲ್ಲಿನ ನೂರು ಜನರಲ್ಲಿ ಸುಮಾರು 97 ಜನ ಲ್ಯಾಟಿನೋಗಳು, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ಮೂಲದವರು. 2016ರಲ್ಲಿ ಇಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರಿಗೆ ಶೇ 79ರಷ್ಟು ಮತ ಬಿತ್ತು, ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರಿಗೆ ಬರೀ ಶೇ 19. ನಾಲ್ಕು ವರ್ಷದ ನಂತರ ಜೋ ಬೈಡನ್ 52, ಟ್ರಂಪ್ 47. 2024ರಲ್ಲಿ ಟ್ರಂಪ್ ಶೇ 58ರಷ್ಟು ಮತ ಪಡೆದು ಗೆದ್ದೇ ಬಿಟ್ಟರು. ಅಧ್ಯಕ್ಷರ ಚುನಾವಣೆಯಲ್ಲಿ ಈ ಜಿಲ್ಲೆ ರಿಪಬ್ಲಿಕನ್ ಪಕ್ಷಕ್ಕೆ ಒಲಿದದ್ದು 1892ರ ನಂತರ ಅದೇ ಮೊದಲು.

ಗೋಡೆ ಕಟ್ಟುತ್ತೇನೆ, ದಾಖಲೆ ಇಲ್ಲದವರನ್ನು ಲಕ್ಷಗಟ್ಟಲೆ ಗಡೀಪಾರು ಮಾಡುತ್ತೇನೆ ಅಂದ ಮನುಷ್ಯನಿಗೆ ಗಡಿಯ ಪಕ್ಕದಲ್ಲೇ ಇರುವ ಲ್ಯಾಟಿನೋಗಳು ಮತ ಹಾಕಿದ್ದು ಹೇಗೆ? ಸುದ್ದಿ ನೋಡಿದವರಿಗೆಲ್ಲ ಬಂದ ಪ್ರಶ್ನೆ ಇದು. ಈ ಪ್ರಶ್ನೆಯೊಳಗೆ ಒಂದು ನಂಬಿಕೆ ಕೂತಿದೆ: ಲ್ಯಾಟಿನೋ ಅಂದರೆ ವಲಸಿಗ, ವಲಸಿಗ ಅಂದರೆ ವಲಸಿಗರ ಪರ. ಅಮೆರಿಕದ ಎರಡೂ ಪಕ್ಷಗಳು ಮೂವತ್ತು ವರ್ಷ ಈ ನಂಬಿಕೆ ಮೇಲೆಯೇ ಲೆಕ್ಕ ಹಾಕಿದವು. ಎರಡೂ ಸರದಿಯಲ್ಲಿ ಪೆಟ್ಟು ತಿಂದವು.

ಮೊದಲು ವಲಸೆ ಸುಧಾರಣೆ ಅಂದರೆ ಏನು ಅಂತ ನೋಡೋಣ. ಅದು ಒಂದೇ ವಿಷಯ ಅಲ್ಲ. ಗಡಿ ಕಾಯುವುದು ಒಂದು. ಆಶ್ರಯ ಕೇಳಿ ಬಂದವರ ಅರ್ಜಿ ವಿಲೇವಾರಿ ಇನ್ನೊಂದು. ಕಾನೂನುಬದ್ಧವಾಗಿ ಎಷ್ಟು ಜನಕ್ಕೆ ವೀಸಾ, ಗ್ರೀನ್ ಕಾರ್ಡ್ (ಕಾಯಂ ಆಗಿ ನೆಲೆಸುವ ಪರವಾನಗಿ) ಕೊಡಬೇಕು ಅನ್ನೋದು ಮತ್ತೊಂದು. ಈಗಾಗಲೇ ಒಳಗೆ ಇದ್ದು, ದಾಖಲೆ ಇಲ್ಲದೆ ದುಡಿಯುತ್ತಿರುವವರನ್ನು ಏನು ಮಾಡಬೇಕು ಅನ್ನೋದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ 2023ರಲ್ಲಿ ಇಂಥವರು 1.4 ಕೋಟಿ ಇದ್ದರು. ಇದರಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತೆ. ಅದಕ್ಕೇ ರಾಜಕಾರಣಿಗಳು ಎಲ್ಲವನ್ನೂ ಒಂದೇ ಮಸೂದೆಯಲ್ಲಿ ಕಟ್ಟಿ ತರಲು ನೋಡುತ್ತಾರೆ. ಕಟ್ಟು ದೊಡ್ಡದಾದಷ್ಟೂ ಅದನ್ನು ಬೀಳಿಸೋಕೆ ಕಾರಣಗಳೂ ಜಾಸ್ತಿಯಾಗುತ್ತವೆ.

ಕ್ಯೂನಲ್ಲಿ ಬರಲಿ ಅಂದರೆ, ಯಾವ ಕ್ಯೂ?

"ಬರೋದಾದರೆ ಕಾನೂನು ಪ್ರಕಾರ ಕ್ಯೂನಲ್ಲಿ ನಿಂತು ಬರಲಿ." ಅಮೆರಿಕದಲ್ಲಿ ಪದೇ ಪದೇ ಕೇಳಿಬರುವ ಮಾತು ಇದು. ನ್ಯಾಯವಾದ ಮಾತಿನಂತೆಯೇ ಕಾಣುತ್ತೆ. ಆದರೆ ಹೊಲದಲ್ಲಿ ಟೊಮೆಟೊ ಕೀಳುವವನಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ ಆ ಕ್ಯೂ ಇಲ್ಲವೇ ಇಲ್ಲ ಅನ್ನಬಹುದು. ಕೆಲಸದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಅದರಲ್ಲಿ ವಿಶೇಷ ಕೌಶಲ ಬೇಡದ ಕೆಲಸಗಳಿಗೆ, ಇಡೀ ಜಗತ್ತಿಗೆ ಸೇರಿಸಿ, ಹೆಚ್ಚೆಂದರೆ 10,000. ಅಣ್ಣನೋ ಅಕ್ಕನೋ ಅಮೆರಿಕದ ಪ್ರಜೆಯಾಗಿದ್ದರೆ ಆ ದಾರಿಯಲ್ಲಿ ಅರ್ಜಿ ಹಾಕಬಹುದು. ಮೆಕ್ಸಿಕೊದವರ ಪಾಲಿಗೆ ಅದು ಇಪ್ಪತ್ತು ವರ್ಷಕ್ಕೂ ಮೀರಿದ ಕಾಯುವಿಕೆ.

ಹಿಂದೆ ಹೀಗಿರಲಿಲ್ಲ. 1942ರಿಂದ 1964ರವರೆಗೆ ಬ್ರಸೆರೊ ಅನ್ನುವ ಯೋಜನೆಯಲ್ಲಿ ಮೆಕ್ಸಿಕೊದ ಕೂಲಿಗಳನ್ನು ಅಮೆರಿಕವೇ ಕರೆಸಿಕೊಳ್ಳುತ್ತಿತ್ತು. ಸುಗ್ಗಿಗೆ ಬರೋರು, ಮುಗಿದ ಮೇಲೆ ಊರಿಗೆ ಹೋಗೋರು. ಆ ಯೋಜನೆ ನಿಂತಿತು. 1965ರ ವಲಸೆ ಕಾನೂನು ಹಳೆಯ ಜನಾಂಗೀಯ ಕೋಟಾಗಳನ್ನು ಕಿತ್ತುಹಾಕಿತು. ಏಷ್ಯಾದವರಿಗೆ, ಅಂದರೆ ಭಾರತೀಯರಿಗೂ, ಬಾಗಿಲು ತೆರೆದದ್ದು ಅದೇ ಕಾನೂನು. ಆದರೆ ಅದೇ ಕಾನೂನು ಮೊದಲ ಬಾರಿಗೆ ಲ್ಯಾಟಿನ್ ಅಮೆರಿಕದಿಂದ ಬರುವವರ ಸಂಖ್ಯೆಗೆ ಮಿತಿ ಹಾಕಿತು. ಹೊಲದ ಕೆಲಸ ನಿಲ್ಲಲಿಲ್ಲ. ಕೂಲಿಗಳ ಓಡಾಟವೂ ನಿಲ್ಲಲಿಲ್ಲ. ನಿನ್ನೆವರೆಗೆ ಕಾನೂನುಬದ್ಧವಾಗಿದ್ದ ಓಡಾಟ ಇವತ್ತು ಅಕ್ರಮವಾಯಿತು, ಅಷ್ಟೇ.

1996ರ ಕಾನೂನು ಮತ್ತೊಂದು ಬೀಗ ಜಡಿಯಿತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲಾಸ್ ಏಂಜಲಿಸ್‌ನಲ್ಲಿ ಒಬ್ಬಳು ಹೆಂಗಸು ಇದ್ದಾಳೆ ಅಂದುಕೊಳ್ಳಿ. ಹದಿನೈದು ವರ್ಷದ ಹಿಂದೆ ಕದ್ದು ಗಡಿ ದಾಟಿ ಬಂದವಳು. ಆಮೇಲೆ ಅಮೆರಿಕದ ಪ್ರಜೆಯನ್ನೇ ಮದುವೆಯಾದಳು. ಮಕ್ಕಳು ಅಲ್ಲೇ ಹುಟ್ಟಿದರು, ಅವರೂ ಪ್ರಜೆಗಳು. ಗಂಡನ ಹೆಸರಿನಲ್ಲಿ ಅವಳಿಗೆ ಗ್ರೀನ್ ಕಾರ್ಡ್ ಸಿಗಬೇಕು, ಅಲ್ವಾ? ಅರ್ಜಿ ಮಂಜೂರಾಗುತ್ತೆ. ಆದರೆ ಕದ್ದು ಒಳಬಂದವರಿಗೆ ಸಾಮಾನ್ಯವಾಗಿ ಅಮೆರಿಕದೊಳಗೇ ಕೂತು ಗ್ರೀನ್ ಕಾರ್ಡ್ ಪಡೆಯಲು ಬರುವುದಿಲ್ಲ. ಗಡಿ ದಾಟಿ ಮೆಕ್ಸಿಕೊದ ಸಿಯುದಾದ್ ಹುವಾರೆಸ್ ನಗರದಲ್ಲಿರುವ ಅಮೆರಿಕದ ಕಾನ್ಸುಲೇಟಿಗೆ ಹೋಗಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದವರು ದೇಶ ಬಿಟ್ಟು ಹೊರಗೆ ಕಾಲಿಟ್ಟ ಗಳಿಗೆಯಲ್ಲೇ ಹತ್ತು ವರ್ಷದ ನಿಷೇಧ ಶುರುವಾಗುತ್ತೆ. ಕಾಗದಕ್ಕಾಗಿ ಹೊರಗೆ ಹೋಗಲೇಬೇಕು, ಹೋದರೆ ವಾಪಸ್ ಬರಲು ಆಗುವುದಿಲ್ಲ. ವಿನಾಯಿತಿ ಕೇಳುವ ದಾರಿ ಇದೆ. ಆದರೆ ನಾನಿಲ್ಲದಿದ್ದರೆ ನನ್ನ ಗಂಡನಿಗೆ ವಿಪರೀತ ಕಷ್ಟವಾಗುತ್ತೆ ಅಂತ ಪುರಾವೆ ಕೊಟ್ಟು ಸಾಬೀತು ಮಾಡಬೇಕು, ಅಧಿಕಾರಿ ಒಪ್ಪಬೇಕು. ಹೀಗಾಗಿ ಎಷ್ಟೋ ಜನ ಸುಮ್ನೆ ಕಾಗದವಿಲ್ಲದೆಯೇ ಇದ್ದುಬಿಡುತ್ತಾರೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆ ಗಂಡನಿಗೆ ಮತ ಇದೆ. ಮಕ್ಕಳಿಗೆ 18 ತುಂಬಿದ ದಿನ ಮತ ಬರುತ್ತೆ. ಹೆಂಡತಿಗೆ ಮತವಿಲ್ಲ. ವಲಸೆ ಚುನಾವಣೆಯ ವಿಷಯವಾಗೋದು ಇಂಥ ಮನೆಗಳ ಮೂಲಕ.

ಜನ ಏನು ಹೇಳುತ್ತಾರೆ

ಅಮೆರಿಕದ ಜನ ಈ ಬಗ್ಗೆ ಏನು ಯೋಚಿಸುತ್ತಾರೆ ಅಂತ ಗ್ಯಾಲಪ್ ಸಂಸ್ಥೆ 1965ರಿಂದ ಕೇಳುತ್ತಾ ಬಂದಿದೆ. ವಲಸೆ ಜಾಸ್ತಿಯಾಗಬೇಕೋ, ಕಡಿಮೆಯಾಗಬೇಕೋ, ಹೀಗೇ ಇರಲೋ? 1990ರ ದಶಕದ ಮಧ್ಯದಲ್ಲಿ ಶೇ 65 ಜನ ಕಡಿಮೆಯಾಗಲಿ ಅಂದಿದ್ದರು. ಆಮೇಲೆ ಆ ಅಂಕಿ ಇಳಿಯಿತು. 2024ರ ಜೂನ್‌ನಲ್ಲಿ ಮತ್ತೆ 55ಕ್ಕೆ ಏರಿತು. ಒಂದೇ ವರ್ಷದಲ್ಲಿ, 2025ರ ಜೂನ್‌ಗೆ, 30ಕ್ಕೆ ಬಿತ್ತು. ಅದೇ ಸಮೀಕ್ಷೆಯಲ್ಲಿ ಶೇ 79 ಜನ ವಲಸೆ ದೇಶಕ್ಕೆ ಒಳ್ಳೆಯದು ಅಂದರು. ಅಷ್ಟು ಜನ ಹಾಗಂದಿದ್ದು ಹಿಂದೆಂದೂ ಇಲ್ಲ.

ಒಂದು ವರ್ಷದಲ್ಲಿ ಜನರ ಮನಸ್ಸು ಇಷ್ಟು ಬದಲಾಗುತ್ತಾ? ಕ್ರಿಸ್ಟೋಫರ್ ವ್ಲೆಜಿಯನ್ ಅನ್ನುವ ರಾಜ್ಯಶಾಸ್ತ್ರಜ್ಞರು 1995ರಲ್ಲಿ ಇಂಥದ್ದಕ್ಕೆ ಒಂದು ವಿವರಣೆ ಕೊಟ್ಟಿದ್ದರು. ಜನಾಭಿಪ್ರಾಯ ಥರ್ಮೋಸ್ಟಾಟ್ ಇದ್ದ ಹಾಗೆ ಅಂದರು. ನಮ್ಮ ಬಚ್ಚಲುಮನೆಯ ಗೀಸರ್ ನೋಡಿ. ನೀರು ತೀರಾ ಬಿಸಿಯಾದರೆ ತಾನೇ ಆಫ್ ಆಗುತ್ತೆ, ತಣ್ಣಗಾದರೆ ಮತ್ತೆ ಆನ್ ಆಗುತ್ತೆ. ಸರ್ಕಾರ ಒಂದು ಕಡೆಗೆ ಜಾಸ್ತಿ ವಾಲಿದರೆ ಜನ ಇನ್ನೊಂದು ಕಡೆಗೆ ಎಳೆಯುತ್ತಾರೆ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿದಾಗ ಜನ ವಲಸಿಗರ ಕಡೆಗೆ ವಾಲಿದರು. ಬೈಡನ್ ಕಾಲದಲ್ಲಿ, 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ, ದಕ್ಷಿಣ ಗಡಿಯಲ್ಲಿ ಗಡಿ ಪೊಲೀಸರು ಸುಮಾರು ಎರಡೂವರೆ ಲಕ್ಷ ಸಲ ಜನರನ್ನು ಹಿಡಿದರು. ಆಗ ಜನ ಸಾಕು ಅಂದರು. 2025ರಲ್ಲಿ ಗಡಿ ಬಹುತೇಕ ಖಾಲಿಯಾಗಿ, ಊರೊಳಗೆ ವಲಸೆ ಅಧಿಕಾರಿಗಳ ದಾಳಿ ಶುರುವಾದ ಮೇಲೆ ಮತ್ತೆ ಈ ಕಡೆ ತಿರುಗಿದರು. ಜನರ ಮೂಲ ನಿಲುವು ಅಷ್ಟೇನೂ ಬದಲಾಗಿರುವುದಿಲ್ಲ. ಅವರ ಕಣ್ಣಮುಂದೆ ನಡೆಯುತ್ತಿರುವುದು ಬದಲಾಗಿರುತ್ತೆ. ಹಾಗಾಗಿ ಒಂದು ಚುನಾವಣೆ ಗೆದ್ದ ಪಕ್ಷ "ಜನಾದೇಶ ಸಿಕ್ಕಿದೆ" ಅಂತ ಬೀಗುವಾಗ, ಆ ಜನಾದೇಶ ಆಗಲೇ ಕರಗಲು ಶುರುವಾಗಿರುತ್ತೆ.

ಪ್ರಶ್ನೆ ಕೇಳುವ ರೀತಿಯೂ ಉತ್ತರವನ್ನು ಬದಲಿಸುತ್ತೆ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ದಾಖಲೆ ಇಲ್ಲದ ಎಲ್ಲರನ್ನೂ ಗಡೀಪಾರು ಮಾಡಿ ಅಂತ ಒಪ್ಪಿದವರು ಶೇ 47. ಕೆಲವು ಷರತ್ತು ಪೂರೈಸಿದರೆ ಅವರಿಗೆ ಪೌರತ್ವ ಸಿಗುವ ಅವಕಾಶ ಇರಲಿ ಅಂದವರು ಶೇ 70. ಕೂಡಿಸಿ ನೋಡಿ, 117 ಆಗುತ್ತೆ. ಅಂದರೆ ನೂರಕ್ಕೆ ಕಡಿಮೆ ಅಂದರೂ 17 ಜನ ಎರಡಕ್ಕೂ ಹೂಂ ಅಂದಿದ್ದಾರೆ. ಇವರು ದಡ್ಡರಲ್ಲ. ಗಡೀಪಾರು ಅಂದಾಗ ಅವರ ಕಣ್ಣಮುಂದೆ ಟಿವಿಯಲ್ಲಿ ಕಂಡ ಗುಂಪು, ಅಪರಾಧಿ, ನಿನ್ನೆ ಮೊನ್ನೆ ಬಂದವನು. ಪೌರತ್ವ ಅಂದಾಗ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವ, ತೋಟ ನೋಡಿಕೊಳ್ಳುವ ಮನುಷ್ಯ. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ. 2025ರಲ್ಲಿ ದಾಳಿಗಳು ಕಾರು ತೊಳೆಯುವ ಅಂಗಡಿಗಳಿಗೂ, ಹಾರ್ಡ್‌ವೇರ್ ಅಂಗಡಿಗಳ ಮುಂದೆ ಕೂಲಿಗಾಗಿ ಕಾಯುವವರ ಹತ್ತಿರಕ್ಕೂ ಬಂದವು. ಆಗ ಮೊದಲನೆಯದು 38ಕ್ಕೆ ಇಳಿಯಿತು, ಎರಡನೆಯದು 78ಕ್ಕೆ ಏರಿತು.

ಬಹುಮತ ಇದ್ದರೂ ಕಾನೂನು ಯಾಕಾಗಲಿಲ್ಲ

ಕೊನೆಯ ದೊಡ್ಡ ಸುಧಾರಣೆ ಆದದ್ದು 1986ರಲ್ಲಿ. ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್. ಸುಮಾರು 27 ಲಕ್ಷ ಜನಕ್ಕೆ ಕಾಗದ ಸಿಕ್ಕಿತು. ಅದಕ್ಕೆ ಬದಲಾಗಿ, ದಾಖಲೆ ಇಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ಶಿಕ್ಷೆ ಅಂತ ಕಾನೂನಿನಲ್ಲಿ ಬರೆದರು. ಕಾಗದ ಕೊಟ್ಟದ್ದು ನಡೆಯಿತು, ಶಿಕ್ಷೆ ಹೆಸರಿಗಷ್ಟೇ ಉಳಿಯಿತು. ಒಂದು ಸಲ ಕ್ಷಮಿಸಿದೆವು, ಮತ್ತೆ ಲಕ್ಷಗಟ್ಟಲೆ ಜನ ಬಂದರು ಅನ್ನುವ ಸಿಟ್ಟು ರಿಪಬ್ಲಿಕನ್ ಮತದಾರರಲ್ಲಿ ಇವತ್ತಿಗೂ ಇದೆ. ಆ ಸಿಟ್ಟಿನಲ್ಲಿ ಒಂದಿಷ್ಟು ಹುರುಳೂ ಇದೆ.

2013ರಲ್ಲಿ ಇನ್ನೇನು ಆಗಿಯೇ ಬಿಟ್ಟಿತು ಅನ್ನುವಷ್ಟು ಹತ್ತಿರ ಬಂದಿತ್ತು. ಹಿಂದಿನ ವರ್ಷದ ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ ಲ್ಯಾಟಿನೋ ಮತದಲ್ಲಿ ಶೇ 27 ಮಾತ್ರ ಪಡೆದು ಸೋತಿದ್ದರು, ಬರಾಕ್ ಒಬಾಮಾ ಶೇ 71. ದಾಖಲೆ ಇಲ್ಲದವರ ಬದುಕನ್ನು ಕಷ್ಟ ಮಾಡಿದರೆ ತಾವಾಗಿಯೇ ಊರಿಗೆ ಹೋಗುತ್ತಾರೆ ಅನ್ನುವ ಅರ್ಥದ ಮಾತು ರಾಮ್ನಿ ಬಾಯಿಂದ ಬಂದಿತ್ತು. ಸೋತ ಮೇಲೆ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿ ಕೂತು ಒಂದು ವರದಿ ಬರೆಸಿತು. ಸಮಗ್ರ ವಲಸೆ ಸುಧಾರಣೆಗೆ ಬೆಂಬಲ ಕೊಡದಿದ್ದರೆ ನಮಗೆ ಭವಿಷ್ಯವಿಲ್ಲ ಅನ್ನೋದು ಅದರ ಸಾರ.

ಜಾನ್ ಮೆಕೇನ್, ಚಕ್ ಶೂಮರ್, ಮಾರ್ಕೊ ರುಬಿಯೊ ಸೇರಿ ಎರಡೂ ಪಕ್ಷದ ಎಂಟು ಸೆನೆಟರುಗಳು ಮಸೂದೆ ಸಿದ್ಧ ಮಾಡಿದರು. ದಂಡ ಕಟ್ಟಿ, ಬಾಕಿ ತೆರಿಗೆ ಕಟ್ಟಿ, ಸುಮಾರು 13 ವರ್ಷ ಕಾದರೆ ಪೌರತ್ವ. ಜೊತೆಗೆ ಗಡಿಗೆ ಇನ್ನೂ 20,000 ಕಾವಲು ಸಿಬ್ಬಂದಿ. ನಮ್ಮವರಿಗೂ ಇದರಲ್ಲಿ ಸಿಹಿ ಕಹಿ ಎರಡೂ ಇತ್ತು. ಕೆಲಸದ ಮೇಲಿನ ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ ಶೇ 7ರ ಮಿತಿ ಇದೆ. ಆ ಮಿತಿಯಿಂದಾಗಿಯೇ ಬೆಂಗಳೂರಿನಿಂದ ಹೋದ ಇಂಜಿನಿಯರುಗಳು ಹತ್ತಾರು ವರ್ಷ ಕಾಯುತ್ತಿದ್ದಾರೆ. ಮಸೂದೆ ಅದನ್ನು ತೆಗೆಯುತ್ತಿತ್ತು. ಎಚ್-1ಬಿ ವೀಸಾಗಳ ಸಂಖ್ಯೆಯನ್ನೂ ಹೆಚ್ಚಿಸುತ್ತಿತ್ತು. ಆದರೆ ಅಲ್ಲಿನ ಸಿಬ್ಬಂದಿಯಲ್ಲಿ ಬಹುಪಾಲು ಎಚ್-1ಬಿ ಮೇಲೆ ಇರುವ ಕಂಪನಿಗಳಿಗೆ ಭಾರಿ ಶುಲ್ಕ, ಕಟ್ಟುಪಾಡು. ಅಲ್ಲಿನ ಗ್ರೀನ್ ಕಾರ್ಡ್ ಕನಸು ಕಂಡವರು ಮಸೂದೆ ಪಾಸಾಗಲಿ ಅಂತ ಕಾದರೆ, ಇಲ್ಲಿನ ಐಟಿ ಕಂಪನಿಗಳು ಅದರ ಒಂದು ಭಾಗ ನೋಡಿ ತಲೆ ಮೇಲೆ ಕೈ ಹೊತ್ತಿದ್ದವು.

ಜೂನ್ 27ರಂದು ಸೆನೆಟ್ 68-32ರಿಂದ ಮಸೂದೆಯನ್ನು ಒಪ್ಪಿತು. ಕೆಳಮನೆಯ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ತಮ್ಮದೇ ಪಕ್ಷದ ಬಹುಪಾಲು ಸದಸ್ಯರು ಒಪ್ಪದ ಮಸೂದೆಯನ್ನು ಸದನಕ್ಕೆ ತರುವುದಿಲ್ಲ ಅನ್ನೋದು ರಿಪಬ್ಲಿಕನ್ ಸ್ಪೀಕರ್‌ಗಳು ಪಾಲಿಸಿಕೊಂಡು ಬಂದ ಅಲಿಖಿತ ನಿಯಮ. ಇಡೀ ಸದನದಲ್ಲಿ ಬಹುಮತ ಸಿಗಬಹುದಿತ್ತು. ಪಕ್ಷದೊಳಗೆ ಸಿಗುತ್ತಿರಲಿಲ್ಲ.

ಪಕ್ಷದವರು ಅಷ್ಟು ಹೆದರಿದ್ದು ಯಾಕೆ? 2014ರ ಜೂನ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಕೆಳಮನೆಯಲ್ಲಿ ರಿಪಬ್ಲಿಕನ್ನರ ಎರಡನೇ ದೊಡ್ಡ ನಾಯಕ ಎರಿಕ್ ಕ್ಯಾಂಟರ್. ಅವರು ವರ್ಜೀನಿಯಾದ ತಮ್ಮ ಕ್ಷೇತ್ರದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವ ಒಳ ಚುನಾವಣೆಯಲ್ಲಿ, ಡೇವ್ ಬ್ರಾಟ್ ಅನ್ನುವ ಅರ್ಥಶಾಸ್ತ್ರದ ಮೇಷ್ಟ್ರ ಎದುರು ಸೋತರು. ಕ್ಯಾಂಟರ್ ವಲಸಿಗರಿಗೆ ಕ್ಷಮಾದಾನ ಕೊಡಲು ಹೊರಟಿದ್ದಾರೆ ಅನ್ನೋದು ಬ್ರಾಟ್ ಅವರ ಪ್ರಚಾರದ ಮುಖ್ಯ ಬಾಣ. ನಿಜ ಹೇಳಬೇಕೆಂದರೆ ಕ್ಯಾಂಟರ್ ಆ ಮಸೂದೆಯ ಪರವಾಗಿಯೇ ಇರಲಿಲ್ಲ. ಏಳು ಲಕ್ಷಕ್ಕೂ ಜಾಸ್ತಿ ಜನರಿರುವ ಆ ಕ್ಷೇತ್ರದಲ್ಲಿ ಅವತ್ತು ಮತ ಹಾಕಿದವರು ಸುಮಾರು 65,000. ಅಷ್ಟು ಜನ ಇಡೀ ದೇಶದ ಸುಧಾರಣೆಯ ಬಾಗಿಲು ಮುಚ್ಚಿಸಿದರು. ಸಮೀಕ್ಷೆಯಲ್ಲಿ ಹೂಂ ಅಂದವರು ಕೋಟಿಗಟ್ಟಲೆ ಇದ್ದರು. ಆದರೆ ಹೂಂ ಅಂದವರಲ್ಲಿ ಅದೊಂದೇ ಕಾರಣಕ್ಕೆ ಮತ ಹಾಕುವವರು ಕಡಿಮೆ. ಊಹೂಂ ಅಂದವರಲ್ಲಿ ಅಂಥವರು ಬಹಳ.

2024ರ ಫೆಬ್ರವರಿಯಲ್ಲಿ ಮತ್ತೊಂದು ಪ್ರಯತ್ನ ನಡೆಯಿತು. ಆ ಹೊತ್ತಿಗೆ ಡೆಮಾಕ್ರಟರು ಎಷ್ಟು ಸರಿದಿದ್ದರು ಅಂದರೆ, ಮಸೂದೆಯಲ್ಲಿ ಗಡಿ ಬಿಗಿ ಮಾಡುವುದೇ ಮುಖ್ಯವಾಗಿತ್ತು. 1 ಕೋಟಿ ಮೇಲ್ಪಟ್ಟ ಜನರ ಪೌರತ್ವದ ಮಾತೇ ಇರಲಿಲ್ಲ. ಟ್ರಂಪ್ ಬೇಡ ಅಂದರು, 49-50ರಲ್ಲಿ ಅದೂ ಬಿತ್ತು. ಸೆನೆಟ್‌ನಲ್ಲಿ ಮುಂದಕ್ಕೆ ಹೋಗಲು 60 ಮತ ಬೇಕಿತ್ತು.

ಲ್ಯಾಟಿನೋ ಮತ ಅಂದರೆ ಯಾರ ಮತ?

ವೋಟ್ ಬ್ಯಾಂಕ್ ಅನ್ನುವ ಮಾತಿನ ರುಚಿ ನಮಗೆ ಚೆನ್ನಾಗಿ ಗೊತ್ತು. ಅಮೆರಿಕದ ಪಕ್ಷಗಳಿಗೂ ಗೊತ್ತು. 2024ರಲ್ಲಿ ಮತದ ಹಕ್ಕಿದ್ದ ಲ್ಯಾಟಿನೋಗಳು 3.6 ಕೋಟಿ. ಒಟ್ಟು ಅರ್ಹ ಮತದಾರರಲ್ಲಿ ಏಳರಲ್ಲಿ ಒಬ್ಬರು. ವರ್ಷಕ್ಕೆ ಸುಮಾರು 14 ಲಕ್ಷ ಲ್ಯಾಟಿನೋಗಳಿಗೆ ಹೊಸದಾಗಿ ಮತದ ಹಕ್ಕು ಬರುತ್ತೆ. ಈ ಅಂಕಿ ಕಂಡು ಡೆಮಾಕ್ರಟರು ಬಹಳ ವರ್ಷ ನೆಮ್ಮದಿಯಾಗಿ ಕೂತಿದ್ದರು. ಸಂಖ್ಯೆ ಬೆಳೆಯುತ್ತಿದೆ, ನಮ್ಮ ಗೆಲುವೂ ಬೆಳೆಯುತ್ತೆ ಅಂತ.

ಆದರೆ ಈ 3.6 ಕೋಟಿಯಲ್ಲಿ ಯಾರ್ಯಾರಿದ್ದಾರೆ? ಪೋರ್ಟೊರಿಕೊದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು, ಅವರಿಗೆ ವೀಸಾ ಗೊಡವೆಯೇ ಇಲ್ಲ. ಕ್ಯೂಬಾದಿಂದ ಬಂದವರಿಗೆ 1966ರಲ್ಲೇ ಪ್ರತ್ಯೇಕ ಕಾನೂನು ಮಾಡಿ ಗ್ರೀನ್ ಕಾರ್ಡ್ ದಾರಿ ಸುಲಭ ಮಾಡಿಕೊಟ್ಟಿದ್ದರು. ಕಮ್ಯುನಿಸ್ಟ್ ಸರ್ಕಾರ ಬಿಟ್ಟು ಓಡಿ ಬಂದ ಅವರಲ್ಲಿ ಬಹಳಷ್ಟು ಜನ ರಿಪಬ್ಲಿಕನ್ನರು. ದಕ್ಷಿಣ ಟೆಕ್ಸಾಸ್‌ನ ಎಷ್ಟೋ ಕುಟುಂಬಗಳು ಅಲ್ಲಿಗೆ ವಲಸೆ ಬಂದವಲ್ಲ. ಆ ನೆಲ ಮೆಕ್ಸಿಕೊಗೆ ಸೇರಿದ್ದ ಕಾಲದಿಂದಲೂ ಅಲ್ಲೇ ಇದ್ದವರು. 1848ರ ಒಪ್ಪಂದದಲ್ಲಿ ಗಡಿ ರಿಯೊ ಗ್ರಾಂಡೆ ನದಿಗೆ ಸರಿಯಿತು. ಮತ ಹಾಕುವ ಲ್ಯಾಟಿನೋಗಳಲ್ಲಿ ಬಹುಪಾಲು ಅಮೆರಿಕದಲ್ಲೇ ಹುಟ್ಟಿದವರು.

ಸ್ಟಾರ್ ಕೌಂಟಿಗೆ ವಾಪಸ್ ಬನ್ನಿ. ಅಲ್ಲಿ ಒಳ್ಳೆ ಸಂಬಳದ ಕೆಲಸ ಅಂದರೆ ಗಡಿ ಪೊಲೀಸ್, ಶೆರಿಫ್ ಕಚೇರಿ, ಶಾಲೆ, ಇಲ್ಲವೇ ದೂರದ ತೈಲ ಬಾವಿಗಳು. ದೇಶದ ಗಡಿ ಪೊಲೀಸರಲ್ಲಿ ಸುಮಾರು ಅರ್ಧದಷ್ಟು ಜನ ಲ್ಯಾಟಿನೋಗಳೇ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 2021ರಿಂದ 2023ರವರೆಗೆ ನದಿ ದಾಟಿ ಬಂದವರನ್ನು ಈ ಊರುಗಳೇ ಮೊದಲು ನೋಡಿದ್ದು. ಅದರ ಜೊತೆಗೆ ಬೆಲೆಯೇರಿಕೆ. ಬಡ ಜಿಲ್ಲೆ ಅದು. ಮೊಟ್ಟೆ, ಪೆಟ್ರೋಲ್, ಬಾಡಿಗೆ ಏರಿದ್ದು ಅಲ್ಲಿ ಜಾಸ್ತಿ ತಟ್ಟಿತು. 2024ರ ಸಮೀಕ್ಷೆಗಳಲ್ಲಿ ಲ್ಯಾಟಿನೋ ಮತದಾರರು ಮೊದಲು ಹೇಳಿದ್ದು ಖರ್ಚು ವೆಚ್ಚದ ಬಗ್ಗೆ. ವಲಸೆ ಅದರ ನಂತರ.

ಹಾಗಾದರೆ ಎಷ್ಟು ಜನ ಆ ಕಡೆ ಹೋದರು? ಇಲ್ಲೊಂದು ಎಚ್ಚರಿಕೆ ಬೇಕು. ಮತಗಟ್ಟೆಯಿಂದ ಹೊರಬಂದವರನ್ನು ಕೇಳುವ ಸಮೀಕ್ಷೆಗಳು ಲ್ಯಾಟಿನೋ ವಿಷಯದಲ್ಲಿ ಹಿಂದೆಯೂ ಎಡವಿವೆ. 2004ರಲ್ಲಿ ಜಾರ್ಜ್ ಬುಷ್ ಅವರಿಗೆ ಶೇ 44 ಲ್ಯಾಟಿನೋ ಮತ ಅಂತ ಸುದ್ದಿಯಾಗಿತ್ತು. ಆಮೇಲೆ ಲೆಕ್ಕ ತಿದ್ದಿದಾಗ ಅದು 40ರ ಆಸುಪಾಸಿಗೆ ಇಳಿಯಿತು. ಯಾವ ಮತಗಟ್ಟೆಗಳನ್ನು ಆರಿಸಿದರು, ಸ್ಪ್ಯಾನಿಷ್‌ನಲ್ಲಿ ಕೇಳಿದರೋ ಇಲ್ಲವೋ ಅನ್ನುವುದರ ಮೇಲೂ ಅಂಕಿ ಏರಿಳಿಯುತ್ತೆ. ಪ್ಯೂ ಸಂಸ್ಥೆ ಬೇರೆ ದಾರಿ ಹಿಡಿಯುತ್ತೆ. ಸಮೀಕ್ಷೆಯಲ್ಲಿ ಮಾತಾಡಿದವರು ನಿಜವಾಗಿ ಮತ ಹಾಕಿದ್ದಾರಾ ಅಂತ ಮತದಾರರ ದಾಖಲೆಯಲ್ಲಿ ತಾಳೆ ನೋಡುತ್ತೆ. ತಿಂಗಳುಗಟ್ಟಲೆ ತಡವಾಗುತ್ತೆ, ಆದರೆ ನನಗೆ ಅದೇ ಜಾಸ್ತಿ ನಂಬಿಕೆಗೆ ಅರ್ಹ ಅನ್ನಿಸುತ್ತೆ. ಆ ಲೆಕ್ಕದಲ್ಲಿ 2020ರಲ್ಲಿ ಬೈಡನ್ 61, ಟ್ರಂಪ್ 36. 2024ರಲ್ಲಿ ಕಮಲಾ ಹ್ಯಾರಿಸ್ 51, ಟ್ರಂಪ್ 48. ಡೆಮಾಕ್ರಟರ 25 ಅಂಕದ ಮುನ್ನಡೆ ಮೂರಕ್ಕೆ ಇಳಿಯಿತು. ಎಲ್ಲರೂ ಪಕ್ಷ ಬದಲಿಸಿದರು ಅಂತಲ್ಲ. ಕಳೆದ ಸಲ ಬಂದವರು ಈ ಸಲ ಮನೆಯಲ್ಲೇ ಉಳಿದದ್ದು, ಹೊಸಬರು ಬಂದದ್ದು ಎಲ್ಲ ಸೇರಿದೆ ಇದರಲ್ಲಿ.

ಯಾವಾಗ ಅದು ಮನೆ ಮಾತಾಗುತ್ತೆ

ಹಾಗಂತ ಲ್ಯಾಟಿನೋಗಳಿಗೆ ವಲಸೆ ಮುಖ್ಯವೇ ಅಲ್ಲ ಅಂದುಕೊಂಡರೆ ಅದೂ ತಪ್ಪು. 1994ರ ಕ್ಯಾಲಿಫೋರ್ನಿಯಾ ನೋಡಬೇಕು.

ಆಗ ಆ ರಾಜ್ಯದ ಗವರ್ನರ್ ರಿಪಬ್ಲಿಕನ್ ಪಕ್ಷದ ಪೀಟ್ ವಿಲ್ಸನ್. ಆರ್ಥಿಕ ಪರಿಸ್ಥಿತಿ ಕೆಟ್ಟಿತ್ತು, ಮತ್ತೆ ಗೆಲ್ಲುವುದು ಕಷ್ಟವಿತ್ತು. ಪ್ರಪೊಸಿಷನ್ 187 ಅನ್ನುವ ಪ್ರಸ್ತಾವ ಜನಮತಕ್ಕೆ ಬಂತು, ವಿಲ್ಸನ್ ಅದರ ಬೆನ್ನಿಗೆ ನಿಂತರು. ದಾಖಲೆ ಇಲ್ಲದ ಮಕ್ಕಳಿಗೆ ಸರ್ಕಾರಿ ಶಾಲೆ ಬಂದ್, ದಾಖಲೆ ಇಲ್ಲದವರಿಗೆ ತುರ್ತು ಚಿಕಿತ್ಸೆ ಬಿಟ್ಟರೆ ಬೇರೆ ಸರ್ಕಾರಿ ವೈದ್ಯಕೀಯ ನೆರವು ಬಂದ್. ಶಾಲೆಯವರು, ಆಸ್ಪತ್ರೆಯವರು ಅನುಮಾನ ಬಂದವರ ಬಗ್ಗೆ ಸರ್ಕಾರಕ್ಕೆ ತಿಳಿಸಬೇಕು. ಶೇ 59ರಷ್ಟು ಮತದಿಂದ ಅದು ಗೆದ್ದಿತು. ವಿಲ್ಸನ್ ಕೂಡ ಗೆದ್ದರು. ಆಮೇಲೆ ಕೋರ್ಟ್ ತಡೆದು, ಅದರ ಮುಖ್ಯ ಭಾಗ ಜಾರಿಯಾಗಲೇ ಇಲ್ಲ.

ಅನುಮಾನ ಯಾರ ಮೇಲೆ ಬರುತ್ತೆ? ಹೆಸರು, ಮೈಬಣ್ಣ, ಭಾಷೆ ನೋಡಿ ತಾನೇ ಅನುಮಾನ ಪಡೋದು. ಮೂರು ತಲೆಮಾರಿನಿಂದ ಪ್ರಜೆಯಾಗಿದ್ದವರಿಗೂ ಇದು ನಮ್ಮ ಮೇಲಿನ ದಾಳಿ ಅನ್ನಿಸಿತು. ಗ್ರೀನ್ ಕಾರ್ಡ್ ಇಟ್ಟುಕೊಂಡು ಸುಮ್ಮನಿದ್ದವರು ಪೌರತ್ವಕ್ಕೆ ಅರ್ಜಿ ಹಾಕಿದರು. 1986ರ ಕಾನೂನಿನಲ್ಲಿ ಕಾಗದ ಪಡೆದವರು ಆ ಹೊತ್ತಿಗೆ ಸರಿಯಾಗಿ ಪೌರತ್ವಕ್ಕೆ ಅರ್ಹರಾಗಿದ್ದರು. 1996ರಲ್ಲಿ ದೇಶದಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಪೌರತ್ವ ಪಡೆದರು. 1988ರವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ನರನ್ನು ಗೆಲ್ಲಿಸುತ್ತಿದ್ದ ಕ್ಯಾಲಿಫೋರ್ನಿಯಾ ಆಮೇಲೆ ಒಂದು ಸಲವೂ ಅವರ ಕೈಗೆ ಸಿಗಲಿಲ್ಲ. ಎಲ್ಲವೂ 187ರಿಂದಲೇ ಆಯಿತು ಅನ್ನುವುದು ಅತಿಯಾಯಿತು. ಶೀತಲ ಸಮರ ಮುಗಿದು ವಿಮಾನ ಕಾರ್ಖಾನೆಗಳು ಮುಚ್ಚಿದ್ದು, ಆ ಕೆಲಸಗಾರರು ರಾಜ್ಯ ಬಿಟ್ಟು ಹೋದದ್ದು ಕೂಡ ಕಾರಣ. ಆದರೆ ಒಂದು ತಲೆಮಾರಿನ ಲ್ಯಾಟಿನೋ ರಾಜಕಾರಣಿಗಳು ಹುಟ್ಟಿದ್ದು ಅಲ್ಲಿಂದಲೇ. ಅಲೆಕ್ಸ್ ಪಡಿಯಾ ಅವರಲ್ಲಿ ಒಬ್ಬರು. ಮೆಕ್ಸಿಕೊದಿಂದ ಬಂದ ಅಡುಗೆಯವ ಮತ್ತು ಮನೆಗೆಲಸದಾಕೆಯ ಮಗ. ಎಂಐಟಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಊರಿಗೆ ಬಂದದ್ದು ಅದೇ 1994ರಲ್ಲಿ. ರಾಜಕೀಯಕ್ಕೆ ಬರಲು 187ರ ಗಲಾಟೆಯೇ ಕಾರಣ ಅಂತ ಅವರೇ ಹೇಳಿಕೊಂಡಿದ್ದಾರೆ. 2021ರಲ್ಲಿ ಆ ರಾಜ್ಯದ ಮೊದಲ ಲ್ಯಾಟಿನೋ ಸೆನೆಟರ್ ಆದರು. 2025ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಗೃಹ ಭದ್ರತಾ ಕಾರ್ಯದರ್ಶಿಯ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಕೇಳಲು ಹೋದಾಗ, ಅದೇ ಸೆನೆಟರನ್ನು ಹೊರಗೆ ತಳ್ಳಿ, ನೆಲಕ್ಕೆ ಮಲಗಿಸಿ ಕೈಗೆ ಬೇಡಿ ಹಾಕಿದರು.

1994ರ ಕ್ಯಾಲಿಫೋರ್ನಿಯಾಕ್ಕೂ 2024ರ ಸ್ಟಾರ್ ಕೌಂಟಿಗೂ ವ್ಯತ್ಯಾಸ ಇರೋದು ಇಲ್ಲೇ. ವಲಸೆ ನೀತಿಯ ಬಗ್ಗೆ ಲ್ಯಾಟಿನೋಗಳ ಅಭಿಪ್ರಾಯ ಏನು ಅನ್ನೋದು ಮತವನ್ನು ಅಷ್ಟಾಗಿ ತೀರ್ಮಾನಿಸುವುದಿಲ್ಲ. ಆ ಭಾಷಣ, ಆ ದಾಳಿ ಯಾರ ಮೇಲೆ ಅಂತ ಅವರಿಗೆ ಅನ್ನಿಸುತ್ತೆ ಅನ್ನೋದು ತೀರ್ಮಾನಿಸುತ್ತೆ. 2024ರಲ್ಲಿ ಗಡೀಪಾರು ಅಂದಾಗ ಬಹಳ ಲ್ಯಾಟಿನೋ ಮತದಾರರು ನಿನ್ನೆ ಬಂದ ಅಪರಿಚಿತನನ್ನು ನೆನೆಸಿಕೊಂಡರು. ನಾನು ಮೇಲೆ ಹೇಳಿದ ಆ ಹೆಂಡತಿಯನ್ನಲ್ಲ.

2025ರಲ್ಲಿ ಆ ಗೆರೆ ಅಳಿಸತೊಡಗಿತು. ಲಾಸ್ ಏಂಜಲಿಸ್ ಸುತ್ತಮುತ್ತ ಬರೀ ಮೈಬಣ್ಣ, ಸ್ಪ್ಯಾನಿಷ್ ಮಾತು, ಮಾಡುವ ಕೆಲಸ, ನಿಂತ ಜಾಗ ನೋಡಿ ಜನರನ್ನು ತಡೆಯಬಾರದು ಅಂತ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶೆಯೊಬ್ಬರು ಆದೇಶ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಹಾಕಿತು. ಅದೇ ತಿಂಗಳು ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಅಂತ ಟ್ರಂಪ್ ಘೋಷಿಸಿದರು. ಕಾಗದ ಸರಿಯಾಗಿದ್ದರೆ ಸಾಕು, ಈ ಜಗಳ ನಮ್ಮದಲ್ಲ ಅಂದುಕೊಂಡಿದ್ದ ಬೆಂಗಳೂರಿನ ಮನೆಗಳಲ್ಲೂ ಅವತ್ತು ರಾತ್ರಿಯೆಲ್ಲಾ ಫೋನ್ ರಿಂಗಣಿಸಿದವು.

ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಗವರ್ನರ್ ಚುನಾವಣೆ ಬಂತು. ಲ್ಯಾಟಿನೋಗಳು ತುಂಬಾ ಇರುವ ಪಸೇಯಿಕ್ ಕೌಂಟಿ 2024ರಲ್ಲಿ ಟ್ರಂಪ್ ಕಡೆ ಹೋಗಿತ್ತು. ಈ ಸಲ ಡೆಮಾಕ್ರಟಿಕ್ ಪಕ್ಷದ ಮಿಕಿ ಶೆರಿಲ್ ಅವರಿಗೆ ದೊಡ್ಡ ಅಂತರದಲ್ಲಿ ಒಲಿಯಿತು. ದಾಳಿಗಳ ಸಿಟ್ಟು ಇದರಲ್ಲಿ ಇದ್ದೇ ಇದೆ. ಆದರೆ ಶೆರಿಲ್ ಪ್ರಚಾರದಲ್ಲಿ ಎಲ್ಲಕ್ಕಿಂತ ಜೋರಾಗಿ ಹೇಳಿದ್ದು ಕರೆಂಟ್ ಬಿಲ್ ಬಗ್ಗೆ. ಡೆಮಾಕ್ರಟರು ಇದನ್ನು ನೋಡಿ ಮತ್ತೆ "ನಮ್ಮ ವೋಟ್ ಬ್ಯಾಂಕ್ ವಾಪಸ್ ಬಂತು" ಅಂದುಕೊಂಡರೆ ಹಳೆಯ ಗುಂಡಿಗೇ ಬೀಳುತ್ತಾರೆ.

ರಿಪಬ್ಲಿಕನ್ನರು ಆಗಲೇ ತಮ್ಮ ಪಣ ಕಟ್ಟಿಯಾಗಿದೆ. 2025ರ ಆಗಸ್ಟ್‌ನಲ್ಲಿ ಟೆಕ್ಸಾಸ್ ತನ್ನ ಲೋಕಸಭಾ ಮಾದರಿಯ ಕ್ಷೇತ್ರಗಳ ಗಡಿಯನ್ನು, ಜನಗಣತಿಗೂ ಕಾಯದೆ, ಮತ್ತೆ ಬರೆಯಿತು. ಐದು ಹೊಸ ಸೀಟು ಗೆಲ್ಲಬೇಕು ಅನ್ನೋದು ಲೆಕ್ಕ. ಅದರಲ್ಲಿ ಹಲವು ಕ್ಷೇತ್ರಗಳಲ್ಲಿ ಲ್ಯಾಟಿನೋಗಳೇ ಜಾಸ್ತಿ. ದಕ್ಷಿಣ ಟೆಕ್ಸಾಸ್ ಕೂಡ ಆ ಲೆಕ್ಕದಲ್ಲಿದೆ. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಕ್ಷೆಯನ್ನು 2026ಕ್ಕೆ ಬಳಸಬಹುದು ಅಂದಿತು. 2024ರಲ್ಲಿ ಟ್ರಂಪ್‌ಗೆ ಬಿದ್ದ ಲ್ಯಾಟಿನೋ ಮತ ಅಲ್ಲೇ ಉಳಿಯುತ್ತೆ ಅನ್ನುವ ಊಹೆಯ ಮೇಲೆ ಆ ಗೆರೆಗಳು ನಿಂತಿವೆ. ಸ್ಟಾರ್ ಕೌಂಟಿಯಂಥ ಕಡೆ ಹತ್ತು ಅಂಕ ಆಚೀಚೆ ಆದರೂ, ಗೆಲ್ಲಲೆಂದು ಬರೆದ ಗೆರೆಯೇ ಸೋಲಿಸಲೂಬಹುದು.